ನೂರಕ್ಕೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಗೆ ಹೀರೋ ನಾನೇ. ಶಿಳ್ಳೆ ಹೊಡೆಯುವವರು ಈಗಲೇ ಹೊಡೆದುಬಿಡಿ, ಆಮೇಲೆ ಬಾಯಿ ಒಣಗುತ್ತದೆ.

ನಿಮ್ಮ ಮನೆಯ ಇಂಟರ್ನೆಟ್ ಹೋದಾಗ ನೀವು ಫೋನ್ ಹಿಡಿದು ಗೋಳಾಡುತ್ತೀರಲ್ಲ, ಆ ಗೋಳು ಎಷ್ಟು ತೂಕದ್ದು ಎಂದು ಆ ಕಡೆ ಕೂತು ಅಳೆಯುವ ಒಂದು ಯಂತ್ರ ಇದೆಯಲ್ಲ, ಅದಕ್ಕೆ ಗೋಳು ಅಂದರೇನು ಎಂದು ಕಲಿಸಿದ ಗುರು ನಾನು. ಹೆಸರು ಚಿರಂತ. ಮಂಡ್ಯದ ಗಾಣದ ಬೀದಿಯಲ್ಲಿ ಬಂದು 'ಡಬ್ಬಿಂಗ್ ಚಿರಂತನ ಮನೆ ಯಾವುದು' ಎಂದು ಕೇಳಿ, ನಾಯಿಮರಿಯೂ ತೋರಿಸುತ್ತದೆ. ಈ ರಾಜ್ಯದಲ್ಲಿ ಯಾರೇ ಅಳಲಿ, ಅವರ ಅಳುವನ್ನು ನನ್ನ ಅಳುವಿನ ಪಕ್ಕದಲ್ಲಿಟ್ಟು ನೋಡಿಯೇ ಅಂಕ ಕೊಡುತ್ತಾರೆ. ಬಡವನ ಕಣ್ಣೀರಿಗೆ ಬೆಲೆ ಇಲ್ಲ ಅಂತ ಹಳೇ ಸಿನಿಮಾಗಳಲ್ಲಿ ಅರಚುತ್ತಿದ್ದರು. ಬೆಲೆ ಇದೆ ಸ್ವಾಮಿ. ನೂರಕ್ಕೆ ಇಷ್ಟು ಅಂತ ಇದೆ. ನನ್ನದು ತೊಂಬತ್ತೇಳು.

ಯಂತ್ರದ ಕಥೆ ಚುಟುಕಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಗೆಲ್ಲ ಲೈನ್ ಎಳೆದಿರುವುದು ಸೇತುಜಾಲ ಎಂಬ ಕಂಪನಿ. ಲೈನ್ ರಿಪೇರಿಗೆ ಅವರು ಇಟ್ಟುಕೊಂಡಿರುವುದು ಹನ್ನೊಂದೇ ಜನ. ದಿನಕ್ಕೆ ಬರುವ ದೂರು ಸಾವಿರದ ಮೇಲೆ. ಯಾರ ಮನೆಗೆ ಮೊದಲು ಹೋಗಬೇಕು? ಮುಂಚೆ ದೂರು ಕೊಡುವಾಗ 'ಮನೆಯಲ್ಲಿ ರೋಗಿ ಇದ್ದಾರೆ' ಎಂಬ ಒಂದು ಚೌಕ ಇತ್ತು. ಅದನ್ನು ಒತ್ತಿದವರ ಮನೆಗೆ ಮೊದಲು. ನಮ್ಮ ಜನ ಏನು ಮಾಡಿದರು? ಎಲ್ಲರೂ ಒತ್ತಿದರು. ಬೀಗರ ಊಟದ ವಿಡಿಯೋ ನಿಂತುಹೋದವನೂ ಒತ್ತಿದ, ಕ್ರಿಕೆಟ್ ನಿಂತವನೂ ಒತ್ತಿದ. ನಮ್ಮಪ್ಪನೂ ಒತ್ತಿದರು. "ನಂಗೆ ಬೀಪಿ ಇಲ್ವೇನ್ಲಾ? ನಾನೂ ರೋಗಿನೇ ಕಣ್ಲಾ" ಅಂದರು. ಮೂರು ತಿಂಗಳಲ್ಲಿ ಜಿಲ್ಲೆಯ ಪ್ರತಿ ಮನೆಯಲ್ಲೂ ರೋಗಿ. ಕಂಪನಿ ಆ ಚೌಕವನ್ನೇ ಕಿತ್ತುಹಾಕಿ ಯಂತ್ರ ತಂದಿತು. ಅದು ಮಾತು ಕೇಳುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಗಂಟಲು ಎಷ್ಟು ಬಿಗಿದಿದೆ, ಸ್ವರ ಎಷ್ಟು ನಡುಗುತ್ತಿದೆ, ಎರಡು ಪದಗಳ ನಡುವೆ ಉಸಿರು ಹೇಗೆ ತುಂಡಾಗುತ್ತಿದೆ. ಬಾಯಿ ಸುಳ್ಳು ಹೇಳಬಹುದು, ಗಂಟಲು ಹೇಳುವುದಿಲ್ಲ ಎಂಬುದು ಅವರ ಲೆಕ್ಕ. ನೂರಕ್ಕೆ ಎಂಬತ್ತು ದಾಟಿದರೆ ಅರ್ಧ ಗಂಟೆಯಲ್ಲಿ ಆಳು ಬಾಗಿಲಲ್ಲಿ. ಇಪ್ಪತ್ತರ ಕೆಳಗೆ ಬಿದ್ದರೆ 'ಏಳು ಕೆಲಸದ ದಿನಗಳಲ್ಲಿ'. ಕಂಪನಿ ಅದಕ್ಕೆ ಇಟ್ಟ ಹೆಸರು ಆಲಿಕೆ. ನಮ್ಮ ಬೀದಿ ಇಟ್ಟ ಹೆಸರು ಕಿವುಡಮ್ಮ.

ಗಂಟಲು ಸುಳ್ಳು ಹೇಳುವುದಿಲ್ಲವಂತೆ! ಆರ್ಕೆಸ್ಟ್ರಾ ವೇದಿಕೆಯ ಮೇಲೆ ಒಂದೇ ಉಸಿರಿನಲ್ಲಿ ವಿಲನ್ನು, ತಾಯಿ, ಸಾಯುತ್ತಿರುವ ತಂಗಿ ಮೂರೂ ದನಿ ಮಾಡುವವನಿಗೆ ಈ ಮಾತು ಹೇಳಬಾರದಿತ್ತು.

ಮೊದಲ ಸಲ ತಮಾಷೆಗೆ ಮಾಡಿದೆ. ಎದುರು ಮನೆಯ ದೊಡ್ಡತಾಯಮ್ಮನ ಧಾರಾವಾಹಿ ನಿಂತುಹೋಗಿತ್ತು. ಅವರ ಫೋನ್ ಕಿತ್ತುಕೊಂಡು, "ಸ್ವಾಮಿ... ನನ್... ನನ್ ತಾಯಿ ಮುಖ... ಕೊನೇ ಸಲ ನೋಡ್ಬೇಕು ಸ್ವಾಮಿ... ಪರದೆ ಕಪ್ಪಾಗೋಗದೆ..." ಎಂದು ಬಿಕ್ಕಿದೆ. ತೊಂಬತ್ತೊಂದು ಬಂತು. ಇಪ್ಪತ್ತೆರಡು ನಿಮಿಷಕ್ಕೆ ಏಣಿ ಹೊತ್ತುಕೊಂಡು ಆಳು ಹಾಜರ್. ದೊಡ್ಡತಾಯಮ್ಮ ಎರಡು ಹೋಳಿಗೆ ಕೊಟ್ಟು, "ನಿನ್ ಬಾಯ್ಗೆ ಬೆಂಕಿ ಹಾಕ, ನನ್ ಎದೆನೇ ನಡುಗ್‌ಬುಡ್ತು" ಅಂದರು. ಆಮೇಲೆ ಬೀದಿಯಲ್ಲಿ ಯಾರ ಲೈನ್ ಹೋದರೂ ನಮ್ಮ ಮನೆ ಬಾಗಿಲಿಗೆ ಬರತೊಡಗಿದರು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೇಳುತ್ತಿದ್ದೆ: "ಯಾವ ಸೀನ್ ಬೇಕು? ತಾಯಿ ಸೆಂಟಿಮೆಂಟಾ, ತಂಗಿ ಸೆಂಟಿಮೆಂಟಾ?"

ನನ್ನ ಹತ್ತಿರ ಬಾರದ ಮನೆ ಒಂದೇ. ನಮ್ಮ ಗೋಡೆಗೆ ಗೋಡೆ ತಾಗಿದ ಜಯಶೀಲಜ್ಜಿಯ ಮನೆ. ಬರಬೇಕಾಗಿದ್ದ ಮನೆಯೂ ಅದೊಂದೇ.

ಅಜ್ಜಿಯ ಗಂಡ ತಮ್ಮಯ್ಯ ತಾತ ನಲವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಲೆಯ ಮುಂದೆ ಕೂತವರು. ಸೌದೆ ಸಿಗದಿದ್ದಾಗ ಹಳೇ ಟಯರ್ ಉರಿಸುತ್ತಿದ್ದರಂತೆ. ಆ ಹೊಗೆಯೆಲ್ಲ ಈಗ ಎದೆಯಲ್ಲಿ ಕೂತಿದೆ. ಆಸ್ಪತ್ರೆಯವರು ಹಾಸಿಗೆ ಸಾಲದೆ ಇಂಥವರನ್ನೆಲ್ಲ ಮನೆಗೆ ಕಳಿಸಿ 'ಮನೆ ವಾರ್ಡ್' ಮಾಡಿದ್ದಾರೆ. ತಾತನ ಮೂಗು ಬಾಯಿ ಮುಚ್ಚುವ ಮಾಸ್ಕ್, ಅದಕ್ಕೆ ಗಾಳಿ ಒತ್ತುವ ಒಂದು ಪೆಟ್ಟಿಗೆ, ಬೆರಳಿಗೆ ಒಂದು ಕ್ಲಿಪ್. ಮೈಸೂರಿನಲ್ಲಿ ಒಬ್ಬ ನರ್ಸ್ ಕೂತು ನಲವತ್ತು ಮನೆಯ ಅಂಕಿಗಳನ್ನು ಪರದೆಯಲ್ಲಿ ನೋಡುತ್ತಾ, ಗಾಳಿಯ ಒತ್ತಡವನ್ನು ಅಲ್ಲಿಂದಲೇ ಹೆಚ್ಚು ಕಡಿಮೆ ಮಾಡುತ್ತಾರೆ. ಇದೆಲ್ಲ ನಡೆಯುವುದು ಸೇತುಜಾಲದ ಲೈನ್ ಮೇಲೆ. ಲೈನ್ ಹೋದರೆ ಪೆಟ್ಟಿಗೆ ಕೊನೆಯ ಲೆಕ್ಕದಲ್ಲೇ ಗಾಳಿ ಒತ್ತುತ್ತಿರುತ್ತದೆ, ಆದರೆ ನೋಡುವವರು ಯಾರೂ ಇರುವುದಿಲ್ಲ.

"ಎರಡು ಗಂಟೆ ಮೀರಬಾರದು ಅಂದಿದ್ದಾರೆ" ಎಂದು ಅಜ್ಜಿ ಹೇಳಿದ್ದರು. "ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದಿದ್ರೆ ಮನುಷ್ಯ ಒದ್ದಾಡೋದಿಲ್ವಂತೆ ಚಿರಂತ. ನಿದ್ದೆ ಬರುತ್ತಂತೆ. ನೋಡೋರಿಗೆ ಪಾಪ ಮಲಗಿದ್ದಾರೆ ಅನ್ಸುತ್ತೆ."

ಇದನ್ನು ಕೂಡ ಅಜ್ಜಿ, ಬಸ್ಸು ಎಷ್ಟು ಗಂಟೆಗೆ ಅಂತ ಹೇಳಿದ ಹಾಗೆ ಹೇಳಿದರು. ಅವರ ದನಿ ಯಾವಾಗಲೂ ಹಾಗೇ. ಇಸ್ತ್ರಿ ಮಾಡಿಟ್ಟ ಸೀರೆಯ ಥರ, ಒಂದು ಮಡಿಕೆ ಆಚೀಚೆ ಇಲ್ಲ. ವಯಸ್ಸಿನಲ್ಲಿ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಂದೂರಿನಿಂದ ಇನ್ನೊಂದೂರಿಗೆ ಫೋನ್ ಮಾಡಬೇಕಾದರೆ ಇವರಂಥವರು ಕೈಯಲ್ಲಿ ವೈರು ಚುಚ್ಚಿ ಲೈನ್ ಕೊಡಬೇಕಾಗಿದ್ದ ಕಾಲ ಅದು.

"ದನಿ ಏರಿಸಿದ್ರೆ ಮೆಮೋ ಕೊಡ್ತಿದ್ರು ಮರಿ. ಸಾವಿನ ಸುದ್ದಿನೂ ನಮ್ಮ ಕಿವಿ ದಾಟಿಯೇ ಹೋಗ್ತಿತ್ತು. ನಾವೇ ಅತ್ರೆ ಲೈನ್ ಕೊಡೋರು ಯಾರು?"

"ಹಂಗಾದ್ರೆ ಅರ್ಜೆಂಟು ಅಂತ ಹೆಂಗಜ್ಜಿ ಗೊತ್ತಾಗದು? ಯಾರೂ ಅಳದೆ ಇದ್ರೆ?"

"ಪದ ಇತ್ತಲ್ಲ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಲೈಟ್ನಿಂಗ್ ಕಾಲ್ ಅಂದ್ರೆ ಬೇರೆಯವರ ಲೈನ್ ಕಿತ್ತಾದ್ರೂ ಕೊಡಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಆ ಕಡೆ ಆಪರೇಟರ್ 'ಕೊಡ್ತೀನಿ, ಹೋಲ್ಡ್ ಮಾಡಿ' ಅಂದ್ರೆ ನಾವು ಕಾಯ್ತಿದ್ವಿ. ಹಾಗೆ ಅಂದ ಮೇಲೆ ಇನ್ನೊಂದು ಕಡೆ ಕೇಳಬಾರದು. ಮಾತು ಅಂದ್ರೆ ಮಾತು."

ನಾನು ಎದ್ದು ನಿಂತು ಕಾಲರ್ ಎತ್ತಿ, "ಅಜ್ಜೀ, ನಿಮ್ ಕಾಲದಲ್ಲಿ ಒಂದು ಪದಕ್ಕೆ ಲೈನ್ ಕಿತ್ತು ಬತ್ತಿತ್ತು. ನಮ್ ಕಾಲದಲ್ಲಿ ಕಣ್ಣೇ ಕಿತ್ತು ಬರ್ಬೇಕು!" ಎಂದು ಡೈಲಾಗ್ ಹೊಡೆದೆ. ಹಾಸಿಗೆಯಲ್ಲಿ ತಮ್ಮಯ್ಯ ತಾತನ ಮಾಸ್ಕ್ ಒಳಗೆ ನಗು ಬಂದು ಆವಿ ಕಟ್ಟಿತು. ಮಾಸ್ಕ್ ಸ್ವಲ್ಪ ಸರಿಸಿ, ಉಸಿರಿಗೆ ಎರಡು ಪದದ ಲೆಕ್ಕದಲ್ಲಿ ಹೇಳಿದರು: "ಲೇ ಬಡ್ಡೆತ್ತದೆ... ಇನ್ನೊಂದ್... ದಪ ಹೊಡಿ." ನನಗೆ ಸಿಕ್ಕ ಪ್ರೇಕ್ಷಕರಲ್ಲಿ ತಾತನಂಥವರು ಇನ್ನೊಬ್ಬರಿಲ್ಲ. ಶಿಳ್ಳೆ ಹೊಡೆಯಲು ಗಾಳಿ ಸಾಲದೆ ಮಂಚದ ಅಂಚನ್ನು ಬೆರಳಿನಿಂದ ಬಡಿಯುತ್ತಿದ್ದರು.

ಆರನೇ ತಿಂಗಳಿಗೆ ಕಂಪನಿಯಿಂದ ಕರೆ ಬಂತು. ಮೈಸೂರಿನ ರಿಂಗ್ ರಸ್ತೆಯ ಕಚೇರಿಗೆ ಹೋಗುವಾಗ, ಇವತ್ತು ಬೇಡಿ ಗ್ಯಾರಂಟಿ ಅಂದುಕೊಂಡು ಹೊಸ ಅಂಗಿ ಹಾಕಿಕೊಂಡಿದ್ದೆ. ಫೋಟೋ ಚೆನ್ನಾಗಿ ಬರಲಿ ಅಂತ.

ಅಲ್ಲಿ ನಫೀಸಾ ಮೇಡಂ ಅಂತ ಒಬ್ಬರು. ಆಲಿಕೆಯ ಕಿವಿ ತಿದ್ದುವ ಕೆಲಸ ಅವರದು. ಗೋಡೆ ತುಂಬ ಪರದೆ. ಪರದೆಯ ಮೇಲೆ ಆ ಕ್ಷಣಕ್ಕೆ ಅಳುತ್ತಿದ್ದ ಜಿಲ್ಲೆಯ ಜನರೆಲ್ಲ ಸಣ್ಣ ಸಣ್ಣ ಗೆರೆಗಳಾಗಿ ಕುಣಿಯುತ್ತಿದ್ದರು. ಮೇಡಂ ಒಂದು ಗುಂಡಿ ಒತ್ತಿದರು. ಸಾಯುವ ತಂಗಿಯಾಗಿ, ವಿಧವೆಯಾಗಿ, ಬಾಣಂತಿಯ ಗಂಡನಾಗಿ ನಾನೇ ಅತ್ತೆ.

"ನೂರ ಎಂಬತ್ತೆರಡು ದೂರು, ಒಂದೇ ಗಂಟಲು" ಅಂದರು ಮೇಡಂ. "ನಾಚ್ಕೆ ಆಗಲ್ವಾ?"

"ಕಲಾವಿದಂಗೆ ನಾಚ್ಕೆ ಇರ್ಬಾರ್ದು ಮೇಡಂ, ಟೈಮಿಂಗ್ ಇರ್ಬೇಕು."

ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಸುಸ್ತಾದವರ ಹಾಗೆ ಕಣ್ಣುಜ್ಜಿಕೊಂಡು ವಿಷಯ ಹೇಳಿದರು. ನಿಜವಾಗಿ ಕಷ್ಟದಲ್ಲಿರುವವರ ದನಿಯಲ್ಲಿ ಗೋಜಲು ಜಾಸ್ತಿಯಂತೆ. ಒಬ್ಬ ನಗುತ್ತಾನೆ, ಒಬ್ಬಳು ಬಯ್ಯುತ್ತಾಳೆ, ಇನ್ನೊಬ್ಬ ಸುಮ್ಮನಾಗುತ್ತಾನೆ. ಅದರಿಂದ ಯಂತ್ರ ಏನೂ ಕಲಿಯುತ್ತಿಲ್ಲ. ನನ್ನ ಅಳು ಮಾತ್ರ ಪಠ್ಯಪುಸ್ತಕದ ಹಾಗೆ ಶುಚಿಯಾಗಿದೆ. ಮೇಲಿನವರಿಗೆ ಅದೇ ಬೇಕಂತೆ. ಬಗೆಬಗೆಯ ಅಳು ಐನೂರು ರೆಕಾರ್ಡ್ ಮಾಡಿ ಕೊಡಬೇಕು, ಆಲಿಕೆಗೆ ಅದನ್ನೇ ಅಳತೆಗೋಲು ಮಾಡುತ್ತಾರೆ.

"ನಂಗೆ ಇಷ್ಟ ಇಲ್ಲ. ನನ್ನ ಮಾತು ನಡೀಲಿಲ್ಲ" ಅಂದರು ಮೇಡಂ. "ಒಂದು ಕೇಳ್ತೀನಿ. ನಿಮ್ಮನೇಲಿ ಯಾರಾದ್ರೂ ನಿಜವಾಗಿ ಅತ್ತಿದ್ದು ನೋಡಿದೀಯಾ? ಹಿಂಗಿರುತ್ತಾ?"

"ಇರಲ್ಲ ಮೇಡಂ. ಅದಕ್ಕೇ ಡಬ್ಬಿಂಗ್ ಮಾಡೋದು."

ಊರಿಗೆ ಹೀರೋ ಎಂಟ್ರಿ ಕೊಟ್ಟೆ. ನನ್ನ ಕೋಣೆಯ ಗೋಡೆಗೆ ಹಳೇ ಹಾಸಿಗೆ ಹೊಡೆದು, ಕಂಪನಿಯ ಮೈಕ್ ನಿಲ್ಲಿಸಿ, ದಿನಕ್ಕೆ ಹತ್ತು ಅಳು ಅಳತೊಡಗಿದೆ.

ನನ್ನ ಅಳು ಯಂತ್ರದ ಒಳಗೆ ಹೋದ ಮೇಲೆ ಊರು ಬದಲಾಯಿತು. ಮೊದಲು ನಗು ಬರುವಂತಿತ್ತು. ನನ್ನ ಥರ ಅತ್ತವರಿಗೆ ಮಾತ್ರ ಅಂಕ. ಜನ ನಮ್ಮ ಮನೆಯ ಮಹಡಿಗೆ ಬಂದು ಪಾಠ ಹೇಳಿಸಿಕೊಂಡರು. ಬ್ಯಾಂಕಿನ ಮ್ಯಾನೇಜರ್ ಟೈ ಸಡಿಲ ಮಾಡಿಕೊಂಡು ಬಿಕ್ಕುವುದು ಕಲಿತರು. ನಮ್ಮಪ್ಪ ಸ್ನಾನದ ಮನೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಆಮೇಲೆ ನಗು ಕಡಿಮೆಯಾಯಿತು. ದೊಡ್ಡತಾಯಮ್ಮನ ಅಳಿಯ ಅಪಘಾತದಲ್ಲಿ ಹೋದಾಗ ಅವರು ಹೆಣದ ಮುಂದೆ ಕೂತು, ಪದಕ್ಕೊಂದು ಸಲ ಉಸಿರು ಕತ್ತರಿಸುತ್ತಾ, ಸರಿಯಾಗಿ ನಾನು ಕಲಿಸಿದ ಹಾಗೇ ಅತ್ತರು. ಅವರಿಗೆ ಬೇರೆ ಥರ ಅಳುವುದು ಮರೆತುಹೋಗಿತ್ತು. ಸೇರಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳೋ ನಿಜವೋ ಯಾರಿಗೂ ಗೊತ್ತಾಗಲಿಲ್ಲ.

ಜಯಶೀಲಜ್ಜಿಗೆ ಮುಂಚೆ ಮೂವತ್ತು ಮೂವತ್ತೆರಡು ಅಂಕ ಬರುತ್ತಿತ್ತು. ಒಂದು ಗಂಟೆಯೋ ಒಂದೂವರೆ ಗಂಟೆಯೋ ಕಾದರೆ ಆಳು ಬರುತ್ತಿದ್ದ. ಹೊಸ ಅಳತೆಗೋಲು ಬಂದ ಮೇಲೆ ಒಂದು ದಿನ ಅವರ ಫೋನಿಗೆ ಬಂದ ಸಂದೇಶ ನಾನೇ ಓದಿದೆ. ಆತಂಕ ಅಂಕ: ನಾಲ್ಕು. ಅವತ್ತು ಲೈನ್ ತಾನಾಗೇ ವಾಪಸ್ ಬಂದಿದ್ದರಿಂದ ಬಚಾವು.

"ಅಜ್ಜಿ, ಇದು ಹುಡುಗಾಟ ಅಲ್ಲ. ನಾನ್ ಮಾಡ್ತೀನಿ ಫೋನು."

"ನಿಜವಾದ ರೋಗಿಗೆ ಸುಳ್ಳು ಅಳು ಯಾಕಪ್ಪ? ನನ್ನ ಮನೆ ನಂಬರ್ ಹೇಳ್ತೀನಿ, ರೋಗಿ ಇದ್ದಾರೆ ಅಂತೀನಿ, ಎರಡು ಗಂಟೆ ಅಂತೀನಿ. ಇದಕ್ಕಿಂತ ಏನು ಹೇಳಬೇಕು?"

"ಹೇಳದಲ್ಲ ಅಜ್ಜಿ, ಅಳ್ಬೇಕು. ಎಲ್ಲಿ, 'ಸ್ವಾಮಿ' ಅನ್ನಿ. ಸ್ವಾ ಆದ್ಮೇಲೆ ಉಸ್ರು ಒಡೀರಿ. ಸ್ವಾ... ಮಿ."

"ಸ್ವಾಮಿ" ಅಂದರು ಅಜ್ಜಿ. ಮುಂದಿನ ನಿಲ್ದಾಣದ ಹೆಸರು ಹೇಳಿದ ಹಾಗಿತ್ತು.

ತಾತ ನಕ್ಕು ನಕ್ಕು ಕೆಮ್ಮು ಬಂದು, ಮೈಸೂರಿನ ನರ್ಸ್ ಪೆಟ್ಟಿಗೆಯ ಸ್ಪೀಕರಿನಲ್ಲಿ "ಏನಾಗ್ತಿದೆ ಅಲ್ಲಿ?" ಎಂದು ಕೇಳುವ ಹಾಗಾಯಿತು. ಲೈನ್ ಇದ್ದಾಗ ಹಾಗಿತ್ತು. ತಾತ ನಕ್ಕರೂ ಮೈಸೂರಿಗೆ ಗೊತ್ತಾಗುತ್ತಿತ್ತು.

ನಾನು ಹೊರಟಾಗ ಅಜ್ಜಿ ಬಾಗಿಲ ತನಕ ಬಂದರು. "ಅಷ್ಟು ಅವಶ್ಯ ಬಿದ್ರೆ ನಿನ್ನ ಹತ್ರ ಬರ್ತೀನಿ ಬಿಡು. ಗೋಡೆ ಪಕ್ಕದಲ್ಲೇ ಇದೀಯಲ್ಲ."

ಅದಾಗಿ ಕೆಲವು ದಿನಕ್ಕೆ, ಒಂದು ಬುಧವಾರ. ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಲೈನ್ ಹೋಯಿತು.

ಆಮೇಲೆ ಏನಾಯಿತು ಎಂದು ನಾನು ಬೀದಿಯಲ್ಲಿ ಹೇಳಿದ್ದು ಹೀಗೆ: ಅಜ್ಜಿ ತಾವೇ ದೂರು ಕೊಡುತ್ತಾ ಕೂತುಬಿಟ್ಟಿದ್ದರು. ನನ್ನ ಹತ್ತಿರ ಬಂದಿದ್ದೇ ಹನ್ನೆರಡೂ ಕಾಲಿಗೆ. ವಿಷಯ ಕೇಳಿದ ತಕ್ಷಣ ಚಪ್ಪಲಿ ಕೂಡ ಹಾಕದೆ ಓಡಿದೆ. ತಾತ ಗೋಡೆ ಕಡೆ ತಿರುಗಿ ಮಲಗಿದ್ದರು. ಹನ್ನೆರಡು ಇಪ್ಪತ್ತಕ್ಕೆ ನಾನು ಫೋನ್ ಮಾಡಿ ಅತ್ತೆ. ತೊಂಬತ್ತೇಳು. ನನ್ನ ಜೀವಮಾನದ ದಾಖಲೆ. ಇಪ್ಪತ್ತಾರು ನಿಮಿಷಕ್ಕೆ ಆಳು ಬಂದ. ಲೈನ್ ಬಂತು. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಮರುಕ್ಷಣ ಮೈಸೂರಿನಿಂದ ನರ್ಸಿನ ದನಿ ಬಂತು: "ಅಮ್ಮಾ, ಅವರನ್ನ ಅಲ್ಲಾಡ್ಸಿ. ಜೋರಾಗಿ ಅಲ್ಲಾಡ್ಸಿ." ಅಜ್ಜಿ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ. ಮಾಸ್ಕ್ ಒಳಗೆ ಆವಿ ಕಟ್ಟಲಿಲ್ಲ.

ಬೀದಿಯವರು ನನ್ನ ಬೆನ್ನು ತಟ್ಟಿದರು. "ನಿನ್ ಕೈಲಾದ್ದು ನೀನ್ ಮಾಡ್ದೆ ಕಣ್ಲಾ. ಆಯಮ್ಮ ಮೊದ್ಲೇ ಬಂದಿದ್ರೆ..." ಎಂದು ದೊಡ್ಡತಾಯಮ್ಮ ಕಣ್ಣೊರೆಸಿಕೊಂಡರು. ಯಾರೋ ಅಜ್ಜಿಯನ್ನೇ ಕೇಳಿದರು, ಯಾಕಮ್ಮ ಅಷ್ಟೊತ್ತು ಸುಮ್ಮನಿದ್ರಿ ಎಂದು. ಅಜ್ಜಿ ನನ್ನನ್ನು ನೋಡಿದರು. "ಹುಡುಗ ಓಡಿ ಬಂದ" ಅಂದರು. ಅಷ್ಟೇ.

ಆಗ ಅವರ ಫೋನ್ ಬಡಿದುಕೊಂಡಿತು. ಆಲಿಕೆಯದೇ ಕರೆ. ಜೇನಿನಂಥ ದನಿ. "ನಮಸ್ಕಾರ. ತಮ್ಮ ದೂರು ಬಗೆಹರಿದಿದೆಯೇ?"

"ಹೌದು" ಅಂದರು ಅಜ್ಜಿ. "ಮುಗೀತು. ಧನ್ಯವಾದ."

ಹದಿನೈದು ದಿನದ ಮೇಲೆ ನಫೀಸಾ ಮೇಡಂ ಮೈಸೂರಿಗೆ ಕರೆಸಿದರು. ಪರದೆಯ ಮೇಲೆ ಏಳು ಗೆರೆ. ಆ ಬುಧವಾರ ಅಜ್ಜಿ ಕೊಟ್ಟ ಏಳು ದೂರು. ಒಂದೊಂದನ್ನೂ ಕೇಳಿಸಿದರು. "ನಮಸ್ಕಾರ. ಗಾಣದ ಬೀದಿ, ಮನೆ ನಂಬರ್ ಇಪ್ಪತ್ತಮೂರು. ಎರಡು ಮೂರು. ಮನೆ ವಾರ್ಡ್ ರೋಗಿ ಇದ್ದಾರೆ. ಎರಡು ಗಂಟೆ ಮೀರುವ ಹಾಗಿಲ್ಲ. ದಯವಿಟ್ಟು ಲೈನ್ ಕೊಡಿ." ಏಳೂ ಸಲ ಅದೇ ಮಾತು, ಅದೇ ದನಿ. ನಾಲ್ಕು. ನಾಲ್ಕು. ಐದು. ನಾಲ್ಕು. ನಾಲ್ಕು. ಮೂರು. ನಾಲ್ಕು.

"ನಿನ್ನ ಅಳತೆಗೋಲು" ಅಂದರು ಮೇಡಂ. "ನಿಂದೊಂದೇ ಅಲ್ಲ, ನಂದೂ. ಸಹಿ ಹಾಕಿದ್ದು ನಾನು."

ನಾನು ಆ ಏಳು ಗೆರೆಗಳನ್ನು ಇನ್ನೊಂದು ಸಲ ಎಣಿಸಿದೆ.

"ಒಂದು ಅರ್ಥ ಆಗ್ತಿಲ್ಲ ಚಿರಂತ. ಏಳೇಳು ನಿಮಿಷಕ್ಕೆ ಒಂದೊಂದು ಸಲ ಮಾಡಿದಾರೆ. ಏಳನೇದು ಹತ್ತು ಮೂವತ್ತೆಂಟಕ್ಕೆ. ಆಮೇಲೆ ಹನ್ನೆರಡು ಇಪ್ಪತ್ತರವರೆಗೂ, ನೀನು ಫೋನ್ ಮಾಡೋವರೆಗೂ, ಒಂದೂ ಇಲ್ಲ. ಯಾಕೆ ನಿಲ್ಲಿಸಿಬಿಟ್ರು? ಅಂಥವರು ಕೈ ಬಿಡೋರಲ್ಲ."

"ಗೊತ್ತಿಲ್ಲ ಮೇಡಂ" ಅಂದೆ. "ಸುಸ್ತಾಗಿರ್ಬೇಕು."

ಅವರು ಏಳನೇ ಗೆರೆಯ ಆಚೆಯ ಖಾಲಿ ಜಾಗದ ಮೇಲೆ ಬೆರಳಾಡಿಸಿದರು. ಆಮೇಲೆ ಪರದೆ ಆರಿಸಿದರು.

ಈಗ ನಿಮಗೆ ಹೇಳುತ್ತೇನೆ. ಶಿಳ್ಳೆ ಹೊಡೆದವರಿದ್ದರೆ ವಾಪಸ್ ತಗೊಳ್ಳಿ.

ಅಜ್ಜಿ ನನ್ನ ಬಾಗಿಲು ತಟ್ಟಿದ್ದು ಹನ್ನೆರಡೂ ಕಾಲಿಗಲ್ಲ. ಹತ್ತು ನಲವತ್ತಕ್ಕೆ. ಅವತ್ತು ನಾನು 'ಅಪ್ಪನಿಗೆ ಉಸಿರು ಸಿಗದ ಮಗನ ಅಳು' ರೆಕಾರ್ಡ್ ಮಾಡುತ್ತಿದ್ದೆ. ಹದಿನೆಂಟು ಟೇಕ್ ಕೆಟ್ಟಿದ್ದವು. ಹತ್ತೊಂಬತ್ತನೆಯದಕ್ಕೆ ಮೈಕ್ ಆನ್ ಮಾಡಿದ್ದೆ. ಆ ಹೊತ್ತಿಗೆ ಫೋನ್ ಮಾಡಿದ್ದರೆ ಹನ್ನೊಂದೂ ಕಾಲಿಗೆ ಆಳು ಬಂದಿರುತ್ತಿದ್ದ. ಎರಡು ಗಂಟೆಗೆ ಇನ್ನೂ ಅರ್ಧ ಗಂಟೆ ಮಿಗುತ್ತಿತ್ತು.

ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎನ್ನುವ ಹಾಗೂ ಇಲ್ಲ. ಆ ಪದದ ಅರ್ಥವನ್ನು ಅವರೇ ಬಿಡಿಸಿ ಹೇಳಿದ್ದರು, ಅದರ ಮೇಲೆ ನಾನು ಡೈಲಾಗ್ ಕೂಡ ಹೊಡೆದಿದ್ದೆ. ಆದರೆ ಆ ದನಿಯಲ್ಲಿ ಒಂದು ಬಿರುಕಿರಲಿಲ್ಲ, ನಡುಕ ಇರಲಿಲ್ಲ. ಅಂಥ ಅವಸರವೇನೂ ಇಲ್ಲ ಅನ್ನಿಸಿತು. ಯಂತ್ರ ಅವರಿಗೆ ಏಳು ಸಲ ಮೂರೋ ನಾಲ್ಕೋ ಐದೋ ಕೊಟ್ಟಿತ್ತಲ್ಲ, ಎಂಟನೇ ಸಲ ನಾಲ್ಕು ಕೊಟ್ಟವನು ನಾನು.

ಆ ಹತ್ತೊಂಬತ್ತನೇ ಟೇಕ್ ಚೆನ್ನಾಗಿ ಬಂತು. ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಾ ಕೂತುಬಿಟ್ಟೆ, ಬಾಗಿಲು ತೆಗೆದಾಗ ಹನ್ನೆರಡೂ ಕಾಲು. ಅದನ್ನು ಕಂಪನಿಗೆ ಕಳಿಸಿದ್ದೇನೆ, ಈಗ ಅದೂ ಆಲಿಕೆಯ ಒಳಗಿದೆ. ಕಳಿಸುವ ಮುಂಚೆ ಶುರುವಿನ ಹನ್ನೆರಡು ಸೆಕೆಂಡ್ ಕತ್ತರಿಸಿದೆ. ಕತ್ತರಿಸಿದ ತುಂಡನ್ನು ಅಳಿಸಲು ಕೈ ಬರಲಿಲ್ಲ, ಇಟ್ಟುಕೊಂಡಿದ್ದೇನೆ. ಅದರಲ್ಲಿ ಮೊದಲು ಬಾಗಿಲು ಎರಡು ಸಲ ಬಡಿಯುವ ಸದ್ದು. ಆಮೇಲೆ ಇಸ್ತ್ರಿ ಮಾಡಿದಂಥ ಒಂದು ದನಿ: "ಚಿರಂತ, ಲೈಟ್ನಿಂಗ್ ಕಾಲ್ ಕಣಪ್ಪ." ಆಮೇಲೆ ನಾನು, ಮೈಕಿನ ಹತ್ತಿರ, ಜೋರಾಗಿ: "ಸೀನ್ ಮುಗ್ಸಿ ಬತ್ತೀನಿ ಅಜ್ಜಿ, ಹೋಲ್ಡ್ ಮಾಡಿ!"

ಆಮೇಲೆ ಅದೇ ದನಿ.

"ಆಗಲಿ ಮರಿ. ಹೋಲ್ಡ್ ಮಾಡ್ತೀನಿ."